ಉಳುಕು ಮತ್ತು ಸ್ನಾಯು ಎಳೆತ: ಮಧುಗಿರಿ ಸೀಮೆಯಲ್ಲಿ ಆರೈಕೆ, ಚೇತರಿಕೆ

ಮಧುಗಿರಿಯ ಏಕಶಿಲಾ ಬೆಟ್ಟ ಸಮುದ್ರಮಟ್ಟದಿಂದ 1,193 ಮೀಟರ್ ಎತ್ತರದಲ್ಲಿದೆ. ಕೆಳಗೆ ಮೆಟ್ಟಿಲು, ಕೋಟೆ ಬಾಗಿಲು. ಮೇಲೇರಿದಂತೆ ಬಂಡೆಯಲ್ಲೇ ಕೊರೆದ ಹೆಜ್ಜೆಗುಳಿ, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಹತ್ತುವಾಗ ಏದುಸಿರು ಬರುತ್ತದೆ, ಕಾಲು ಉಳುಕುವುದು ಹೆಚ್ಚಾಗಿ ಇಳಿಯುವಾಗ. ದಣಿದ ತೊಡೆ ನಡುಗುತ್ತಿರುತ್ತದೆ. ಬಂಡೆಯ ಮೇಲಿನ ಗರಸಿಗೆ ಹಿಮ್ಮಡಿ ಜಾರಿ, ಪಾದ ಒಳಕ್ಕೆ ಮಡಚಿಕೊಂಡು, ಮೈಭಾರವೆಲ್ಲ ಹರಡಿನ ಹೊರಬದಿಗೆ ಬೀಳುತ್ತದೆ. ಕೊರಟಗೆರೆಯ ಸಿದ್ಧರಬೆಟ್ಟ, ಚನ್ನರಾಯನದುರ್ಗ, ಪಾವಗಡದ ಕೋಟೆಬೆಟ್ಟ ಇಳಿಯುವವರಿಗೂ ಇದೇ ಪಾಡು. ಬೆಟ್ಟವನ್ನೇ ಹತ್ತದವರೂ ತಪ್ಪಿಸಿಕೊಳ್ಳುವುದಿಲ್ಲ. ಶಿರಾದ ತೋಟದ ಬದು, ಪಾವಗಡದ ಕಡಲೆಕಾಯಿ ಹೊಲದಲ್ಲಿ ದಿನವಿಡೀ ಬಗ್ಗಿ ಗಿಡ ಕೀಳುವ ಕೆಲಸ, ಎರಡೂ ಮೈಗೆ ಭಾರವೇ.

ಯಾವುದು ಉಳುಕು, ಯಾವುದು ಎಳೆತ

ಮೂಳೆಗೂ ಮೂಳೆಗೂ ಬಿಗಿದಿರುವ ನಾರಿನಂಥ ಪಟ್ಟಿಯನ್ನು ವೈದ್ಯರು ಲಿಗಮೆಂಟ್ ಎನ್ನುತ್ತಾರೆ. ಅದು ಹಿಗ್ಗಿ ಹರಿದರೆ ಉಳುಕು. ಮಾಂಸಖಂಡವೋ ಅದನ್ನು ಮೂಳೆಗೆ ಅಂಟಿಸುವ ಸ್ನಾಯುರಜ್ಜುವೋ ಹರಿದರೆ ಎಳೆತ. ಮಾತಿನಲ್ಲಿ ‘ನರ ಹಿಡಿದಿದೆ’, ‘ಸೊಂಟ ಹಿಡ್ಕೊಂಡಿದೆ’ ಎನ್ನುವುದು ಬಹುಪಾಲು ಇದನ್ನೇ. ನಾಲ್ಕಾರು ಎಳೆ ಹರಿದಿದ್ದರೆ ಒಂದರಿಂದ ಮೂರು ವಾರದಲ್ಲಿ ವಾಸಿಯಾಗುತ್ತದೆ. ಅರೆಬರೆ ಹರಿದಿದ್ದರೆ ಮೂರರಿಂದ ಆರು ವಾರ. ಪೂರ್ತಿ ಹರಿದಿದ್ದರೆ ತಿಂಗಳುಗಟ್ಟಲೆ ಬೇಕು.

ಮುರಿದಿದೆಯೋ, ಉಳುಕಿದೆಯೋ

ಮೊದಲು ಇದು ತೀರ್ಮಾನವಾಗಬೇಕು. ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ನಿಯಮಗಳನ್ನು ಇಂದಿಗೂ ಜಗತ್ತಿನೆಲ್ಲೆಡೆ ಬಳಸುತ್ತಾರೆ. ಬಿದ್ದ ತಕ್ಷಣವೂ ಆಸ್ಪತ್ರೆಗೆ ಬಂದಾಗಲೂ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಹರಡಿನ ಎರಡೂ ಬದಿಯ ಮೂಳೆಗುಬ್ಬಿಯ ಹಿಂಬದಿ ಅಂಚನ್ನು, ಕೆಳತುದಿಯಿಂದ 6 ಸೆಂಟಿಮೀಟರ್ ಮೇಲಿನವರೆಗೆ, ಬೆರಳಿನಿಂದ ಒತ್ತಿ ನೋಡಬೇಕು. ಮೂಳೆಯ ಮೇಲೇ ನೋವಾದರೆ ಎಕ್ಸ್‌ರೇ ಬೇಕು. ಪಾದದ ಹೊರಅಂಚಿನ ನಡುವೆ ಉಬ್ಬಿದ ಮೂಳೆ ನೊಂದರೂ, ಒಳಬದಿಯಲ್ಲಿ ಪಾದದ ಕಮಾನಿನ ಮೇಲ್ಭಾಗದ ಮೂಳೆ ನೊಂದರೂ ಅಷ್ಟೇ. ಚಿಕ್ಕ ಮಕ್ಕಳಲ್ಲಿ, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಲ್ಲಿ ಈ ಪರೀಕ್ಷೆಯನ್ನು ನೆಚ್ಚಿಕೊಳ್ಳದೆ ವೈದ್ಯರಿಗೆ ತೋರಿಸುವುದೇ ಸರಿ. ಬೆಟ್ಟದ ಮೇಲೆ ಬಿದ್ದವರನ್ನು ಬಲವಂತವಾಗಿ ನಡೆಸಬಾರದು. 108ಕ್ಕೆ ಕರೆ ಮಾಡಿ.

ಮೊದಲ ಮೂರು ದಿನ

ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲೆತ್ತಿಡುವುದು ಎಂಬ ನಾಲ್ಕು ಸೂತ್ರವನ್ನು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರಲ್ಲಿ ಜನಪ್ರಿಯಗೊಳಿಸಿದರು. ಐಸು ವಾಸಿಯಾಗುವುದನ್ನು ತಡಮಾಡಬಹುದು ಎಂದು ಮುಂದೆ ಅವರೇ ಹೇಳಿದರು. ನೋವು ತಗ್ಗಿಸಲು ಮಾತ್ರ ಅದು ಈಗಲೂ ಉಪಯುಕ್ತ: ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಟ್ಟು ತೆಗೆಯಿರಿ. ಐಸು ಸಿಗದ ಹಳ್ಳಿಯಲ್ಲಿ ಮಣ್ಣಿನ ಗಡಿಗೆಯ ತಣ್ಣೀರಲ್ಲಿ ಅದ್ದಿದ ಟವೆಲ್ ಸಾಕು. ಕಂಬಳಿ ಮಡಿಚಿಟ್ಟು, ಪಾದ ಎದೆಗಿಂತ ಮೇಲಿರುವಂತೆ ಮಲಗಿ. ಕ್ರೇಪ್ ಬ್ಯಾಂಡೇಜನ್ನು ಬೆರಳ ಬುಡದಿಂದ ಮೇಲಕ್ಕೆ ಸುತ್ತಿ. ನೋವಿಗೆ ಪ್ಯಾರಸಿಟಮಾಲ್ ಸಾಕಾಗುತ್ತದೆ; ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ಬೇರೆ ನೋವಿನ ಗುಳಿಗೆಗಳನ್ನು ತಾವಾಗಿಯೇ ನುಂಗಬಾರದು.

ನೀವುವವರು, ಪಟ್ಟು, ಕಟ್ಟು

ಉಳುಕು ತೆಗೆಯುವವರು ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಕಾಲು ಮುಂದಾಗಿ ಹುಟ್ಟಿದವರು ನೀವಿದರೆ ವಾಸಿ ಎಂಬ ನಂಬಿಕೆಯೂ ಇದೆ. ಹರಳೆಣ್ಣೆ ಸವರಿ, ಹೆಬ್ಬೆರಳಲ್ಲಿ ಒತ್ತಿ, ಪಾದ ಹಿಡಿದು ಎಳೆದಾಗ ‘ಟಕ್’ ಎನ್ನುತ್ತದೆ. ಜಾಗ ತಪ್ಪಿದ್ದು ಕೂತಿತು ಎಂದು ನೋವುಂಡವರು ನಿಟ್ಟುಸಿರು ಬಿಡುತ್ತಾರೆ. ಆದರೆ ಉಳುಕಿನಲ್ಲಿ ಜಾಗ ತಪ್ಪಿದ್ದು ಏನೂ ಇರುವುದಿಲ್ಲ; ಹರಿದ ಎಳೆಗಳಿರುತ್ತವೆ. ಮೊದಲ ಎರಡು ಮೂರು ದಿನದಲ್ಲಿ ಎಳೆದಾಡಿದರೆ ಅವು ಇನ್ನಷ್ಟು ಹರಿಯುತ್ತವೆ, ಒಳಗೆ ರಕ್ತ ಹೆಚ್ಚು ಒಸರುತ್ತದೆ.

ಹುಣಸೆಹಣ್ಣು, ಕಲ್ಲುಪ್ಪು ಕುದಿಸಿದ ಬಿಸಿ ಪಟ್ಟು, ಲಕ್ಕಿ ಸೊಪ್ಪಿನ ಶಾಖ ನಮ್ಮ ಅಜ್ಜಿಯರ ಕೈಮದ್ದು. ಅವನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ಬಿಸಿ ಬಿಗಿದ ಮಾಂಸಖಂಡವನ್ನು ಸಡಿಲಿಸುತ್ತದೆ, ಅದೂ ಒಂದು ಆರೈಕೆಯೇ. ಊತ ಇಳಿಯಲು ತೊಡಗಿದ ಮೇಲೆ ಹಾಕಿ, ಮೊದಲು ಮುಂಗೈಗೆ ಮುಟ್ಟಿಸಿ ನೋಡಿ. ಮರಗಟ್ಟಿದ ಪಾದ ಸುಟ್ಟರೂ ತಿಳಿಯುವುದಿಲ್ಲ.

ನನಗೆ ನಿಜಕ್ಕೂ ಭಯವಿರುವುದು ಬಿದಿರುದಬ್ಬೆ ಇಟ್ಟು ಬಿಗಿಯುವ ಕಟ್ಟಿನ ಬಗ್ಗೆ. ಊತ ಏರುತ್ತಿರುವಾಗ ಬಿಗಿ ಕಟ್ಟು ಹಾಕಿದರೆ ರಕ್ತ ಸಂಚಾರ ನಿಂತು ಬೆರಳುಗಳೇ ಕೊಳೆಯಬಹುದು, ಕಾಲನ್ನೇ ಕತ್ತರಿಸಬೇಕಾಗಿ ಬರಬಹುದು. ಕಟ್ಟು ಯಾರೇ ಹಾಕಿರಲಿ, ಹೆಬ್ಬೆರಳ ಉಗುರನ್ನು ಬೆಳ್ಳಗಾಗುವಂತೆ ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಮರಳದಿದ್ದರೆ, ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ನೋವು ಗಂಟೆಗಂಟೆಗೂ ಏರಿದರೆ ಅರ್ಧರಾತ್ರಿಯಾದರೂ ಕಟ್ಟು ಬಿಚ್ಚಿ ಆಸ್ಪತ್ರೆಗೆ ಹೊರಡಿ.

ಮತ್ತೆ ನಡೆಯುವುದು

ತಿಂಗಳು ಪೂರ್ತಿ ಮಂಚ ಹಿಡಿಯುವುದರಿಂದ ಹರಡು ಗಡುಸಾಗುತ್ತದೆ, ಮೀನಖಂಡ ಸೊರಗುತ್ತದೆ. ಎರಡು ಮೂರು ದಿನದ ನಂತರ, ನೋವು ತಡೆಯುವಷ್ಟು ಮಾತ್ರ, ಕಾಲಾಡಿಸಲು ಶುರುಮಾಡಿ. ಕೂತಲ್ಲೇ ಹೆಬ್ಬೆರಳನ್ನು ಬಳಪವೆಂದು ಭಾವಿಸಿ ಗಾಳಿಯಲ್ಲಿ ಅ, ಆ, ಇ, ಈ ಬರೆಯುತ್ತ ಹೋದರೆ ಕೀಲು ಎಲ್ಲ ದಿಕ್ಕಿಗೂ ತಿರುಗುತ್ತದೆ. ‘ಋ’ ಬರುವ ಹೊತ್ತಿಗೆ ಹರಡು ಎಷ್ಟು ಬಿಗಿದಿದೆ ಎಂದು ತಿಳಿದುಬಿಡುತ್ತದೆ. ಆಮೇಲೆ ಗೋಡೆ ಹಿಡಿದು ತುದಿಗಾಲಲ್ಲಿ ಏಳುವುದು, ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ 30 ಸೆಕೆಂಡು ನಿಲ್ಲುವುದು. ಈ ಸಮತೋಲನದ ಅಭ್ಯಾಸವನ್ನು ಬಿಟ್ಟವರಿಗೇ ಅದೇ ಕಾಲು ಮತ್ತೆ ಮತ್ತೆ ಉಳುಕುವುದು ಹೆಚ್ಚು. ನೋವಿಲ್ಲದೆ ಒಂಟಿ ಕಾಲಲ್ಲಿ ಕುಪ್ಪಳಿಸುವಂತಾಗುವವರೆಗೆ ಬೆಟ್ಟಕ್ಕೆ, ಕಬಡ್ಡಿ ಅಂಕಣಕ್ಕೆ ಹೋಗಬೇಡಿ.

ಸೊಂಟ ಹಿಡಿದವರೂ ಒಂದೆರಡು ದಿನಕ್ಕಿಂತ ಹೆಚ್ಚು ಮಲಗದೆ ಮನೆಯೊಳಗೇ ಓಡಾಡಲಿ. ಕಾಲು ಸೋತರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ತಡಮಾಡದೆ ದೊಡ್ಡ ಆಸ್ಪತ್ರೆ ಸೇರಬೇಕು.

ಉಳುಕದೆ ಬಂದ ನೋವು

ಪಾವಗಡ ಮತ್ತು ಸುತ್ತಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಕಟ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಒಳ್ಳೆಯದಲ್ಲ. ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುವುದಲ್ಲದೆ ಕೀಲು, ಬೆನ್ನು ಮರದಂತಾಗುತ್ತವೆ. ಹೊರಳಿಲ್ಲ, ಬಿದ್ದಿಲ್ಲ, ಆದರೂ ಸೊಂಟ ಬಗ್ಗುತ್ತಿಲ್ಲ, ಮಂಡಿ ಮಡಚುತ್ತಿಲ್ಲ ಎಂದು ವರ್ಷಗಳಿಂದ ಎಣ್ಣೆ ತಿಕ್ಕಿಸಿಕೊಳ್ಳುತ್ತಿರುವ ಹಿರಿಯರು ಮನೆಯಲ್ಲಿದ್ದರೆ, ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯುವುದರ ಜೊತೆಗೆ ಮನೆಯವರು ಕುಡಿಯುವ ನೀರನ್ನೂ ಪರೀಕ್ಷೆಗೆ ಕೊಡಿ.