ಗಾಳಿಗೆ ಬಾಗಿದ ಹ್ಯಾಂಡಲ್

ಎಂಟು ಸೆಕೆಂಡು ಎಂದರೆ ಎಷ್ಟು ಹೊತ್ತು? ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಅದರ ಅಳತೆ ಚೆನ್ನಾಗಿ ಗೊತ್ತು. ಉದ್ಘೋಷಕಿ ನಮಸ್ಕಾರ ಹೇಳಿ ಮುಂದಿನ ಕಾರ್ಯಕ್ರಮದ ಹೆಸರು ತಿಳಿಸುವಷ್ಟರಲ್ಲಿ ಅದು ಕಳೆದಿರುತ್ತದೆ. 1989ರ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ 3,285 ಕಿಲೋಮೀಟರ್ ದೂರದ್ದು. ಮೂರು ವಾರ ಬೆಟ್ಟ ಕಣಿವೆಗಳನ್ನು ದಾಟಿದ ಮೇಲೆ, ಅಮೆರಿಕದ ಗ್ರೆಗ್ ಲೆಮಾಂಡ್ ಫ್ರಾನ್ಸಿನ ಲೊರಾಂ ಫಿನ್ಯೋನ್‌ನನ್ನು ಸೋಲಿಸಿದ್ದು ಇಷ್ಟೇ ಅಂತರದಲ್ಲಿ. ಆ ಗೆಲುವಿನಲ್ಲಿ ಲೆಮಾಂಡ್‌ನ ಕಾಲುಗಳಿಗೆ ಮಾತ್ರವಲ್ಲ, ಅವನ ಹ್ಯಾಂಡಲಿಗೂ ಪಾಲಿತ್ತು.

ವಿದ್ಯಾರ್ಥಿ ಮಿತ್ರರೇ, ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆಲ್ಲ ಒಂದು ಉಪಾಯ ತಾನಾಗಿಯೇ ಹೊಳೆಯುತ್ತದೆ: ಮೈ ಬಗ್ಗಿಸುವುದು. ಇದರ ಹಿಂದಿರುವ ಗಣಿತ ಸರಳ, ಆದರೆ ನಿಷ್ಕರುಣಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ಎಂಟರಷ್ಟು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವವನ ಶ್ರಮದಲ್ಲಿ ನೂರಕ್ಕೆ 90ರಷ್ಟು ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ಆ ತಡೆಯಲ್ಲಿ ಸೈಕಲಿನ ಪಾಲು ಕಡಿಮೆ, ಸವಾರನ ದೇಹದ್ದೇ ಹೆಚ್ಚು. ಹಾಗಿದ್ದರೂ ಬಹುಕಾಲ ತಜ್ಞರ ಗಮನವೆಲ್ಲ ಯಂತ್ರದ ಮೇಲೆಯೇ ಇತ್ತು. 1984ರಲ್ಲಿ ಮೆಕ್ಸಿಕೋ ನಗರದಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಒಂದು ಗಂಟೆಯಲ್ಲಿ 51.151 ಕಿಲೋಮೀಟರ್ ಸಾಗಿದಾಗ ಎಲ್ಲರೂ ಬೆರಗಿನಿಂದ ನೋಡಿದ್ದು ಅವನ ಸೈಕಲಿನ ತಟ್ಟೆಯಂಥ ಚಕ್ರಗಳನ್ನು.

ದೇಹದ ಕಡೆ ದೃಷ್ಟಿ ಹರಿಸಿದವರು ಹೊರಗಿನವರು. ಬೂನ್ ಲೆನ್ನನ್ ಎಂಬಾತ ಅಮೆರಿಕದ ಹಿಮಜಾರಾಟ ತಂಡದ ತರಬೇತುದಾರನಾಗಿದ್ದವನು. ಇಳಿಜಾರಿನಲ್ಲಿ ಧಾವಿಸುವ ಹಿಮಜಾರಾಟಗಾರ ಮೊಣಕೈಗಳನ್ನು ಎದೆಯ ಮುಂದೆ ಕೂಡಿಸಿ, ಬೆನ್ನನ್ನು ಮಟ್ಟ ಮಾಡಿ ಮೊಟ್ಟೆಯಂತೆ ಮುದುಡುತ್ತಾನೆ. ಸೈಕಲ್ ಸವಾರನನ್ನೂ ಹಾಗೆ ಕೂರಿಸಬಾರದೇಕೆ? 1987ರಲ್ಲಿ ಸ್ಕಾಟ್ ಕಂಪನಿಯ ಹೆಸರಿನಲ್ಲಿ ಹೊರಬಂದ ಅವನ ಹ್ಯಾಂಡಲ್ ಮುಂದಕ್ಕೆ ಚಾಚಿಕೊಂಡಿತ್ತು. ಮುಂಗೈಗಳನ್ನು ಊರಲು ಮೆತ್ತೆಗಳಿದ್ದವು.

ಇದನ್ನು ಮೊದಲು ಅಪ್ಪಿಕೊಂಡವರು ಟ್ರಯಾಥ್ಲಾನ್ ಸ್ಪರ್ಧಿಗಳು. ಹವಾಯಿಯ ಐರನ್‌ಮನ್ ಸ್ಪರ್ಧೆಯಲ್ಲಿ 3.8 ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ ತುಳಿದು, ಕೊನೆಗೆ ಒಂದು ಪೂರ್ಣ ಮ್ಯಾರಥಾನ್ ಓಡಬೇಕು. ಇನ್ನೊಬ್ಬರ ಬೆನ್ನ ಮರೆಯಲ್ಲಿ ಸೈಕಲ್ ತುಳಿಯುವಂತಿಲ್ಲ. ಗಾಳಿಯನ್ನು ಒಂಟಿಯಾಗಿಯೇ ಎದುರಿಸಬೇಕು. ಸಂಪ್ರದಾಯದ ಹೊರೆಯಿಲ್ಲದ ಆ ಹೊಸ ಆಟದವರಿಗೆ ವಿಚಿತ್ರವಾಗಿ ಕಾಣುವ ಭಯವೂ ಇರಲಿಲ್ಲ. ಯೂರೋಪಿನ ವೃತ್ತಿಪರರಿಗೆ ಅದು ಇತ್ತು ಎಂದೇ ನನ್ನ ಅನುಮಾನ.

1989ರ ಜುಲೈ 23ರಂದು ವರ್ಸೈಯಿಂದ ಪ್ಯಾರಿಸ್ಸಿಗೆ 24.5 ಕಿಲೋಮೀಟರುಗಳ ಕೊನೆಯ ಹಂತ. ಲೆಮಾಂಡ್ ಒಟ್ಟಾರೆ 50 ಸೆಕೆಂಡು ಹಿಂದಿದ್ದ. ಅವನು ಹೊಸ ಹ್ಯಾಂಡಲಿನ ಮೇಲೆ ಮುದುಡಿ ಗಂಟೆಗೆ 54.5 ಕಿಲೋಮೀಟರ್ ವೇಗದಲ್ಲಿ ಹಾರಿದ. ಫಿನ್ಯೋನ್ ಹಳೆಯ ರೀತಿಯಲ್ಲೇ ಕುಳಿತಿದ್ದ. ಶಿರಸ್ತ್ರಾಣವೂ ಇಲ್ಲದೆ, ಅವನ ಜುಟ್ಟು ಗಾಳಿಯಲ್ಲಿ ಹಾರುತ್ತಿತ್ತು. ಆ ಒಂದೇ ಹಂತದಲ್ಲಿ ವ್ಯತ್ಯಾಸ 58 ಸೆಕೆಂಡು. ಸೀಟಿನ ಜಾಗದಲ್ಲಿ ಎದ್ದ ಹುಣ್ಣಿನಿಂದ ಫಿನ್ಯೋನ್ ಅಂದು ನರಳುತ್ತಿದ್ದ ಎಂಬುದನ್ನೂ ಹೇಳದಿದ್ದರೆ ಅವನಿಗೆ ಅನ್ಯಾಯವಾದೀತು. ಎಲ್ಲವನ್ನೂ ಹ್ಯಾಂಡಲಿನ ಲೆಕ್ಕಕ್ಕೆ ಬರೆಯಲಾಗದು.

ಆದರೆ ವಿನ್ಯಾಸಕಾರನ ನಿಜವಾದ ತಲೆನೋವು ಆರಂಭವಾದದ್ದು ಇಲ್ಲಿಂದ. ಮೈ ಬಗ್ಗಿಸಿದಷ್ಟೂ ಗಾಳಿಯ ತಡೆ ಇಳಿಯಬಹುದು. ಆದರೆ ತೊಡೆ ಹೊಟ್ಟೆಗೆ ಒತ್ತುತ್ತದೆ, ಉಸಿರು ಕಟ್ಟುತ್ತದೆ, ಕತ್ತು ನೋಯುತ್ತದೆ. ಒಬ್ಬನಿಗೆ ಹಿತವಾದ ಎತ್ತರ ಇನ್ನೊಬ್ಬನಿಗೆ ಶಿಕ್ಷೆ. ಆದ್ದರಿಂದ ಮಾಮೂಲಿ ಹ್ಯಾಂಡಲಿಗೇ ಬೋಲ್ಟಿನಿಂದ ಬಿಗಿಯುವ, ಬೇಕಾದಂತೆ ಸರಿಹೊಂದಿಸುವ ಮಾದರಿಗಳು ಬಂದವು. ಮೆತ್ತೆಗಳನ್ನು ಏರಿಸಬಹುದು, ಇಳಿಸಬಹುದು, ಹತ್ತಿರ ತರಬಹುದು. ಕೊಳವೆಗಳನ್ನು ಉದ್ದ ಮಾಡಬಹುದು, ಅವುಗಳ ಕೋನವನ್ನು ಬದಲಿಸಬಹುದು. ಅಮೆರಿಕದ ಡಾನ್ ಎಂಪ್‌ಫೀಲ್ಡ್ ಇನ್ನೂ ಮುಂದೆ ಹೋಗಿ ಸೈಕಲಿನ ಚೌಕಟ್ಟನ್ನೇ ಬದಲಿಸಿದ. ರಸ್ತೆ ಸೈಕಲುಗಳಲ್ಲಿ ಸೀಟಿನ ಕೊಳವೆ 73 ಡಿಗ್ರಿಯ ಆಸುಪಾಸಿನಲ್ಲಿ ವಾಲಿರುತ್ತದೆ. ಅವನು ಅದನ್ನು ಇನ್ನಷ್ಟು ಕಡಿದಾಗಿಸಿದ. ಸವಾರ ಪೆಡಲಿನ ಮೇಲಕ್ಕೆ ಸರಿದ. ಬೆನ್ನು ಬಾಗಿದರೂ ತೊಡೆಗೂ ಹೊಟ್ಟೆಗೂ ನಡುವೆ ಜಾಗ ಉಳಿಯಿತು. ಹ್ಯಾಂಡಲಿನ ಸಮಸ್ಯೆಗೆ ಸೀಟಿನಲ್ಲಿ ಉತ್ತರ! ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ.

ಇಂದು ದೊಡ್ಡ ತಂಡಗಳು ಇದನ್ನೆಲ್ಲ ವಾಯುಸುರಂಗದಲ್ಲಿ ಅಳೆಯುತ್ತವೆ. ಅಷ್ಟು ಅನುಕೂಲವಿಲ್ಲದ ಸ್ಪರ್ಧಿ ಸ್ಪ್ಯಾನರ್ ಜೇಬಿನಲ್ಲಿಟ್ಟುಕೊಂಡು ರಸ್ತೆಗಿಳಿಯುತ್ತಾನೆ. ಮೆತ್ತೆಯನ್ನು ಒಂದು ಸೆಂಟಿಮೀಟರ್ ಇಳಿಸಿ ಗಂಟೆ ಹೊತ್ತು ತುಳಿಯುತ್ತಾನೆ. ಕತ್ತು ಹಿಡಿದುಕೊಂಡರೆ ರಸ್ತೆ ಬದಿಯಲ್ಲಿ ನಿಂತು ಅರ್ಧ ಸೆಂಟಿಮೀಟರ್ ಮತ್ತೆ ಏರಿಸುತ್ತಾನೆ.