ನಾಲ್ಕನೇ ಮೂಲೆ ಯಾಕೆ ಕೂಡಲ್ಲ? ಮೂಲೆಮಟ್ಟದ ಹಿಂದಿನ ಕತೆ

ಈ ವಾರದ ಮಾತುಕತೆಯ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಮೆಟ್ರೋದಲ್ಲೋ ಕ್ಯಾಬಲ್ಲೋ ಕೂತು ಓದೋರಿಗಾಗಿ, ಮಾತಲ್ಲಿ ಬಿಟ್ಟುಹೋದ ಒಂದೆರಡು ಲೆಕ್ಕವನ್ನೂ ಸೇರಿಸಿ ಬರೆದಿದ್ದೀನಿ.

ಕಳೆದ ವರ್ಷ ಮಳೆಗಾಲದಲ್ಲಿ ಸಾಗರದ ಕಡೆಯ ನಮ್ಮೂರಿಂದ ಅಜ್ಜನ ಫೋಟೋ ತಂದು ನಾಚಾರಂನ ಫ್ಲಾಟಿನ ಗೋಡೆಗೆ ಹಾಕಿದೆ. ಹಲಸಿನ ಮರದ ಚೌಕಟ್ಟು. ಊರಿನ ವಯಸ್ಸಾದ ಆಚಾರ್ರೊಬ್ಬರು ಮಾಡಿಕೊಟ್ಟಿದ್ದು. ಏಪ್ರಿಲ್ ಹೊತ್ತಿಗೆ ನೋಡಿದ್ರೆ ನಾಲ್ಕೂ ಮೂಲೆ ಬಾಯಿ ಬಿಟ್ಟಿತ್ತು. ಅಪ್ಪನಿಗೆ ಫೋನ್ ಮಾಡಿ, "ಆಚಾರ್ರು ಈ ಸಲ ಕೆಲಸ ಕೆಡಿಸಿದ್ದಾರೆ, ಒಂದು ಮೂಲೇನೂ ಸರಿ ಕೂತಿಲ್ಲ" ಅಂದುಬಿಟ್ಟೆ. ಅಷ್ಟಕ್ಕೇ ಸುಮ್ಮನಾಗದೆ, ಎಂಟೆಕ್ ಮಾಡಿದ್ದೀನಲ್ಲ, ಒಂದು ಚೌಕಟ್ಟು ಮಾಡೋದೇನು ಮಹಾ ಅಂತ ಸಾಗುವಾನಿ ಪಟ್ಟಿ, ಗರಗಸ, 45 ಡಿಗ್ರಿ ಗೀರು ಇರುವ ಪ್ಲಾಸ್ಟಿಕ್ ಪೆಟ್ಟಿಗೆ ತಂದು ಬಾಲ್ಕನಿಯಲ್ಲಿ ಕೂತೆ.

ಮೂರು ಮೂಲೆ ಚೆನ್ನಾಗಿ ಕೂತವು. ನಾಲ್ಕನೇದರಲ್ಲಿ ಕಿರುಬೆರಳ ಉಗುರು ತೂರುವಷ್ಟು ಸಂದು. ಇನ್ನೊಂದು ಮಾಡಿದೆ. ಮತ್ತೆ ಮೂರು ಸರಿ, ಒಂದು ತಪ್ಪು.

ಇದು ನಾಲ್ಕನೇ ಮೂಲೆಯ ತಪ್ಪಲ್ಲ. ಲೆಕ್ಕ ನೋಡಿ. ಒಂದು ಚೌಕಟ್ಟಿಗೆ ಎಂಟು ಓರೆ ಕೊಯ್ತ ಬೇಕು. ಪ್ರತಿಯೊಂದರಲ್ಲೂ ಅರ್ಧ ಡಿಗ್ರಿ ತಪ್ಪಿದ್ರೆ ಒಟ್ಟು 4 ಡಿಗ್ರಿ. ಮೊದಲ ಮೂರು ಮೂಲೆಯನ್ನ ನಾವು ಒತ್ತಿ ಅಂಟಿಸಿಬಿಡ್ತೀವಿ, ಹಾಗಾಗಿ ಆ 4 ಡಿಗ್ರಿ ಪೂರ್ತಿ ಕೊನೆಯ ಮೂಲೆಗೆ ಬಂದು ನಿಲ್ಲುತ್ತೆ. 50 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ ಅದು ಹತ್ತತ್ರ 5 ಮಿಲಿಮೀಟರ್ ಸಂದು. ನಮ್ಮ ಕೋಡ್‌ನಲ್ಲೂ ಹೀಗೇ ಅಲ್ವಾ? ಎರರ್ ಕಾಣಿಸೋ ಸಾಲು ಒಂದು, ಎರರ್ ಹುಟ್ಟಿದ ಸಾಲು ಇನ್ನೊಂದು.

ಹಾಗಾದ್ರೆ ಅರ್ಧ ಡಿಗ್ರಿಯೂ ತಪ್ಪದ ಹಾಗೆ ಹಿಂದಿನವರು ಹೇಗೆ ಮಾಡ್ತಿದ್ರು? ಈ ಪ್ರಶ್ನೆಯೇ ಇವತ್ತಿನ ವಿಷಯ.

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಮೂಲೆ ಜೋಡಣೆ ಕಬ್ಬಿಣದ ಉಪಕರಣ ಬಂದಮೇಲೆ ಶುರುವಾದದ್ದಲ್ಲ. ಜರ್ಮನಿಯ ಸ್ಯಾಕ್ಸನಿಯಲ್ಲಿ ಓಕ್ ಮರದ ಒಳಗೋಡೆ ಇರುವ ಬಾವಿಗಳು ಸಿಕ್ಕಿವೆ. ಮರದ ವಾರ್ಷಿಕ ಉಂಗುರ ಎಣಿಸಿ ಅವು 7000 ವರ್ಷಕ್ಕೂ ಹಳೆಯವು ಅಂತ 2012ರಲ್ಲಿ ಪ್ರಕಟಿಸಿದರು. ಲೋಹವೇ ಇಲ್ಲದ ಕಾಲ. ಕಲ್ಲಿನ ಬಾಚಿಯಲ್ಲಿ ಕೆತ್ತಿ, ಮೂಲೆಯಲ್ಲಿ ಒಂದಕ್ಕೊಂದು ಕಚ್ಚು ಹಾಕಿ ಕೂಡಿಸಿದ್ದಾರೆ. ಆಮೇಲೆ ಈಜಿಪ್ಟಿನ ಬಡಗಿಗಳು ಪಾರಿವಾಳದ ಬಾಲದ ಆಕಾರದ ಕಚ್ಚನ್ನೂ, ನಾನು ಸೋತ ಈ ಓರೆ ಜೋಡಣೆಯನ್ನೂ ಪೆಟ್ಟಿಗೆ ಪೀಠೋಪಕರಣಗಳಲ್ಲಿ ಬಳಸಿದ್ದಾರೆ.

ನಮ್ಮಲ್ಲಿ? ಮರ ನಮ್ಮ ಮಳೆಗೂ ಗೆದ್ದಲಿಗೂ ಉಳಿಯೋದಿಲ್ಲ. ಆದ್ರೆ ಅದರ ನೆನಪು ಕಲ್ಲಿನಲ್ಲಿ ಉಳಿದಿದೆ. ಐಹೊಳೆಯ ಲಾಡ್‌ಖಾನ್ ಗುಡಿಯ ಮಾಡು ನೋಡಿ: ಇಳಿಜಾರು ಚಪ್ಪಡಿಗಳ ನಡುವಿನ ಸಂದಿನ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿ ಕೂರಿಸಿದ್ದಾರೆ. ಹಲಗೆಯ ಸಂದಿಗೆ ಮರದ ರೀಪು ಹೊಡೆಯೋ ಪದ್ಧತಿಯೇ ಅದು. ಬರೀ ನೆನಪಲ್ಲ, ಶಾಸ್ತ್ರವೂ ಇದೆ. ಮಯಮತ, ಮಾನಸಾರ ಎರಡೂ ಶಿಲ್ಪ ಗ್ರಂಥಗಳಲ್ಲಿ ಮರದ ಜೋಡಣೆಗೇ ಪ್ರತ್ಯೇಕ ಅಧ್ಯಾಯ ಉಂಟು, ಹೆಸರು ಸಂಧಿಕರ್ಮ. ಹೈಸ್ಕೂಲಲ್ಲಿ ನಾವು ಬಾಯಿಪಾಠ ಮಾಡಿದ ಲೋಪ, ಆಗಮ, ಆದೇಶದ ಸಂಧಿಯೇ ಇಲ್ಲೂ. ಎರಡು ಬಂದು ಕೂಡೋ ಜಾಗದಲ್ಲಿ ಏನನ್ನ ತೆಗೀಬೇಕು, ಏನನ್ನ ಸೇರಿಸಬೇಕು ಅನ್ನೋ ಲೆಕ್ಕ.

ಆದ್ರೆ ನಮ್ಮ ಇತಿಹಾಸದಲ್ಲಿ ಒಂದು ಕೊರತೆ ಇದೆ. ನಮ್ಮ ಸೊರಬ, ಸಾಗರದ ಗುಡಿಗಾರರ ಗಂಧದ ಪೆಟ್ಟಿಗೆಗಳನ್ನೇ ತಗೊಳ್ಳಿ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಿಂದ ಹಿಡಿದು ಇವತ್ತಿನ ಎಂಪೋರಿಯಂ ಬೋರ್ಡಿನ ತನಕ ಎಲ್ಲರೂ ಹೊಗಳೋದು ಬಳ್ಳಿ, ಹೂವು, ದೇವತೆಗಳ ಕೆತ್ತನೆಯನ್ನ. ಆ ಕೆತ್ತನೆ ನಿಂತಿರೋ ಮೂಲೆಯ ಬಗ್ಗೆ ಮಾತಿಲ್ಲ. ಸರಿಯಾಗಿ ಕೂತ ಮೂಲೆಯ ಹಣೆಬರಹವೇ ಅದು. ಸರಿ ಇದ್ರೆ ಯಾರಿಗೂ ಕಾಣೋದಿಲ್ಲ, ತಪ್ಪಿದ್ರೆ ಎಲ್ಲರೂ ಬೈಯ್ತಾರೆ. ನಾನು ಬೈದ ಹಾಗೆ.

ಈಗ ಮುಖ್ಯ ಪ್ರಶ್ನೆ. ನೇರ ಕೋನ ಬೇಕು ಅಂದ್ರೆ ಮೂಲೆಮಟ್ಟ ಬೇಕು. ಆದ್ರೆ ಆ ಮೂಲೆಮಟ್ಟವೇ ಸರಿ ಇದೆ ಅಂತ ಹೇಗೆ ಗೊತ್ತು?

ಇದಕ್ಕೆ ಹಳೆಯ ಉತ್ತರ ಹಗ್ಗ. ಬೌಧಾಯನ ಶುಲ್ಬಸೂತ್ರ ಕೇಳಿರ್ತೀರಿ. ಶುಲ್ಬ ಅಂದ್ರೆ ಹಗ್ಗ. ಯಜ್ಞವೇದಿಯನ್ನ ಹಗ್ಗ, ಗೂಟ ಇಟ್ಟುಕೊಂಡು ಅಳೆಯೋ ಪುಸ್ತಕ ಅದು. ಆಯತದ ಕರ್ಣದ ನಿಯಮ ಹೇಳಿ, ಅದು ಎಲ್ಲೆಲ್ಲಿ ಪೂರ್ಣಸಂಖ್ಯೆಯಲ್ಲಿ ಸಿಗುತ್ತೆ ಅಂತ 3 ಮತ್ತು 4, 12 ಮತ್ತು 5, 15 ಮತ್ತು 8, ಹೀಗೆ ಬದಿಗಳ ಜೋಡಿಗಳನ್ನ ಕೊಡುತ್ತೆ. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ವಾಸ್ತುಕಾರ ವಿಟ್ರೂವಿಯಸ್ ಕೂಡ ಇದೇ ಮಾತು ಹೇಳ್ತಾನೆ: ಬಡಗಿಗಳು ಕಷ್ಟಪಟ್ಟರೂ ಮೂಲೆಮಟ್ಟ ನಿಖರವಾಗಿ ಬರೋದು ಕಷ್ಟ, ಅದೇ 3, 4, 5 ಅಡಿಯ ಮೂರು ಪಟ್ಟಿ ತುದಿಗೆ ತುದಿ ಕೂಡಿಸಿದ್ರೆ ಅದು ತಾನಾಗೇ ಬರುತ್ತೆ ಅಂತ. ಮನೆ ಪಾಯ ಹಾಕುವಾಗ ಮೇಸ್ತ್ರಿಗಳು ಟೇಪ್ ಹಿಡಿದು ಇವತ್ತಿಗೂ ಮಾಡೋದು ಇದನ್ನೇ.

ಬಡಗಿಯ ಹತ್ರ ಇನ್ನೂ ಸುಲಭದ ಪರೀಕ್ಷೆ ಇದೆ. ನಮ್ಮ ರಸ್ತೆಯಲ್ಲಿ ಒಂದು ಸಣ್ಣ ಮರಗೆಲಸದ ಅಂಗಡಿ ಇದೆ. ನನ್ನ ಎರಡನೇ ಚೌಕಟ್ಟು ತಗೊಂಡು ಅಲ್ಲಿಗೆ ಹೋದೆ. ಅಲ್ಲಿನವರು ತೆಲುಗಲ್ಲಿ ಮೂಲಮಟ್ಟಂ ಅಂದ್ರು. ನಮ್ಮ ಮೂಲೆಮಟ್ಟವೇ! ತಮಿಳಲ್ಲೂ ಮೂಲೈಮಟ್ಟಂ. ಉಳಿ ಇಲ್ಲೂ ಉಲಿ, ಸುತ್ತಿಗೆ ಇಲ್ಲಿ ಸುತ್ತಿ. ಹೈದರಾಬಾದಲ್ಲಿ ಏಳು ವರ್ಷ ಇದ್ದರೂ ತೆಲುಗು ಬರಲ್ಲ ಅಂತ ಹೇಳ್ಕೊಂಡು ತಿರುಗ್ತಿದ್ದ ನನಗೆ ಆ ಅಂಗಡಿಯಲ್ಲಿ ಅರ್ಧ ಮಾತು ಅರ್ಥವಾಯ್ತು.

ಅವರು ಮಾಡಿದ್ದಿಷ್ಟು. ನೇರ ಅಂಚಿನ ಹಲಗೆಗೆ ಮೂಲೆಮಟ್ಟ ಆನಿಸಿ ಒಂದು ಗೆರೆ ಎಳೆದರು. ಆಮೇಲೆ ಅದನ್ನೇ ಮಗುಚಿ, ಅದೇ ಚುಕ್ಕಿಯಿಂದ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಕೂತರೆ ಮೂಲೆಮಟ್ಟ ಸರಿ. ಬೇರೆಯಾದ್ರೆ, ಕಾಣೋ ಅಂತರ ನಿಜವಾದ ತಪ್ಪಿನ ಎರಡರಷ್ಟು. ತಪ್ಪು ತಾನೇ ದೊಡ್ಡದಾಗಿ ಕಾಣಿಸ್ಕೊಳ್ಳುತ್ತೆ. ನನ್ನ ಹೊಸ ಮೂಲೆಮಟ್ಟ ಫೇಲ್.

ಎರಡನೇ ಪಾಠ ಇನ್ನೂ ಚೆಂದ. 45 ಡಿಗ್ರಿಯ ಹಿಂದೆ ಬೀಳಬೇಡ ಅಂದ್ರು. ಎರಡು ಪಟ್ಟಿಗಳನ್ನ ನೇರ ಕೋನದಲ್ಲಿ ಒಂದರ ಮೇಲೊಂದು ಇಟ್ಟು ಬಿಗಿದು, ಎರಡನ್ನೂ ಒಂದೇ ಸಲಕ್ಕೆ ಕೊಯ್ಯಬೇಕು. ಗರಗಸ ಓರೆ ಹೋಗಿ ಒಂದು 46 ಆದ್ರೆ ಇನ್ನೊಂದು ತಾನಾಗೇ 44 ಆಗುತ್ತೆ. ಕೂಡಿದ್ರೆ 90. ತಪ್ಪಿಲ್ಲದೆ ಕೊಯ್ಯೋ ಕೈ ಯಾರಿಗೂ ಇಲ್ಲ. ತಪ್ಪುಗಳು ಒಂದನ್ನೊಂದು ಹೊಡೆದುಹಾಕೋ ಹಾಗೆ ಕೆಲಸ ಜೋಡಿಸೋದೇ ವಿದ್ಯೆ. ಕೊನೆಗೆ ಎರಡೂ ಕರ್ಣ ಅಳೀಬೇಕು. ಎದುರುಬದುರು ಪಟ್ಟಿಗಳು ಸಮ ಇದ್ದು ಕರ್ಣಗಳೂ ಸಮ ಇದ್ರೆ ನಾಲ್ಕೂ ಮೂಲೆ ನೇರ. ಪಟ್ಟಿಗಳು ಸಮ ಇಲ್ಲದಿದ್ರೆ ಕರ್ಣ ಮಾತ್ರ ನಂಬಬಾರದು.

ದೊಡ್ಡ ಯಂತ್ರಗಳ ನಿಖರತೆಯೂ ಇದೇ ತಾಯಿಯ ಮಗು. ನಾಚಾರಂನಲ್ಲಿ ಎಚ್‌ಎಂಟಿ ನಗರ ಅಂತಲೇ ಒಂದು ಬಡಾವಣೆ ಇದೆ. 1953ರಲ್ಲಿ ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಕಂಪನಿಯ ಹೆಸರು ಅದು. ಅಂಥ ಕಾರ್ಖಾನೆಗಳಿಗೆ ಬೇಕಾದ ಸಪಾಟು ಲೋಹದ ಫಲಕ ಹೇಗೆ ಮಾಡೋದು ಅನ್ನೋದನ್ನ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1840ರಲ್ಲಿ ವಿವರಿಸಿದ. ಎರಡು ಫಲಕ ಒಂದಕ್ಕೊಂದು ಸರಿಹೊಂದಿದ್ರೆ ಸಾಲದು, ಒಂದು ಉಬ್ಬಿ ಇನ್ನೊಂದು ತಗ್ಗಿರಬಹುದು. ಮೂರು ಫಲಕ ಮಾಡಿ, ಪ್ರತಿ ಜೋಡಿಯೂ ಸರಿಹೊಂದೋ ತನಕ ಹೆರೆಯಬೇಕು. ಆಗ ಮೂರೂ ಸಪಾಟು. ಮೂಲೆಮಟ್ಟ ಮಗುಚೋದೂ ಇದೂ ಒಂದೇ ಉಪಾಯ: ನಂಬೋಕೆ ಹೊರಗಿನ ಅಳತೆ ಇಲ್ಲದಾಗ, ವಸ್ತುವನ್ನ ವಸ್ತುವಿನಿಂದಲೇ ಪರೀಕ್ಷೆ ಮಾಡೋದು.

ಮೂರನೇ ಚೌಕಟ್ಟು ಕೂತಿತು. ಖುಷಿಯಲ್ಲಿ ಊರಿಗೆ ಫೋನ್ ಮಾಡಿದೆ. ಅಪ್ಪ ನನ್ನ ಹಳೇ ಮಾತನ್ನ ಆಚಾರ್ರಿಗೆ ದಾಟಿಸಿಬಿಟ್ಟಿದ್ರು. ಅವತ್ತು ಅವರೂ ಮನೆಯಲ್ಲೇ ಇದ್ದರು, ಫೋನ್ ತಗೊಂಡರು. ಸಿಟ್ಟಿಲ್ಲ. ಕೇಳಿದ್ದು ಒಂದೇ: "ಸಂದು ಒಳಗೆ ಬಿಟ್ಟಿದ್ಯ, ಹೊರಗೆ ಬಿಟ್ಟಿದ್ಯ?"

ಹೋಗಿ ನೋಡಿದೆ. ನಾಲ್ಕೂ ಮೂಲೆಯಲ್ಲಿ ಹೊರತುದಿ ಕೂಡಿತ್ತು. ಫೋಟೋ ಕಡೆಯ ಒಳತುದಿ ಬಿಟ್ಟಿತ್ತು. "ಹಂಗಾರೆ ಮರ ಒಣಗಿದ್ದು ಮಾರಾಯ. ಅಲ್ಲಿ ನಮ್ಮಲ್ಲಿಯ ಥಂಡಿ ಎಲ್ಲಿ ಬರ್ತದೆ" ಅಂದ್ರು.

ಆಮೇಲೆ ಲೆಕ್ಕ ಹಾಕಿದೆ. ಮರ ಒಣಗಿದಾಗ ಅಗಲದಲ್ಲಿ ಕುಗ್ಗುತ್ತೆ, ಉದ್ದದಲ್ಲಿ ಬಹುತೇಕ ಕುಗ್ಗೋದಿಲ್ಲ. ಹಾಗಾಗಿ 45 ಇದ್ದ ಕೋನ ತಾನೇ ಕಮ್ಮಿಯಾಗುತ್ತೆ. 50 ಮಿಲಿಮೀಟರ್ ಪಟ್ಟಿ ಒಂದೇ ಒಂದು ಮಿಲಿಮೀಟರ್ ಕುಗ್ಗಿದ್ರೂ ಒಳತುದಿಯಲ್ಲಿ ಹತ್ತತ್ರ ಒಂದೂವರೆ ಮಿಲಿಮೀಟರ್ ಸಂದು. ತೇವ ಹೀರಿ ಉಬ್ಬಿದ್ರೆ ಉಲ್ಟಾ, ಹೊರತುದಿ ಬಿಡುತ್ತೆ. ಕೊಯ್ತದ ತಪ್ಪಾದ್ರೆ ಒಂದೇ ಮೂಲೆಗೆ ಬಂದು ಸೇರ್ತಿತ್ತು, ನನ್ನದರ ಹಾಗೆ. ನಾಲ್ಕೂ ಮೂಲೆ ಒಂದೇ ಸಮ, ಒಳಗಡೆಯೇ ಬಿಟ್ಟಿದೆ ಅಂದ್ರೆ ಮಾಡಿದ ದಿನ ನಾಲ್ಕೂ ಸರಿಯಾಗೇ ಇದ್ದವು. ಮಲೆನಾಡಿನ ಮಳೆಗಾಲದ ಮರವನ್ನ ತಂದು ಹೈದರಾಬಾದಿನ ಏಪ್ರಿಲ್‌ಗೆ ಒಡ್ಡಿದವನು ನಾನು.

"ನಿಮ್ಮ ಕೆಲಸ ಸರಿ ಇತ್ತು ಆಚಾರ್ರೇ, ನಾನೇ ತಿಳೀದೆ ಮಾತಾಡ್ದೆ" ಅಂದೆ. "ಅಡ್ಡಿಲ್ಲ, ಮಳೆ ಬರ್ಲಿ ನೋಡು" ಅಂದ್ರು. ಜುಲೈ ಕೊನೆಗೆ ನೋಡಿದಾಗ ಸಂದು ಪೂರ್ತಿ ಮುಚ್ಚಿರಲಿಲ್ಲ, ಆದ್ರೆ ಅರ್ಧಕ್ಕೆ ಬಂದಿತ್ತು. ಅಜ್ಜನ ಫೋಟೋ ಅದೇ ಚೌಕಟ್ಟಲ್ಲಿದೆ. ನಾನು ಮಾಡಿದ್ದರಲ್ಲಿ ಮಗಳ ಚಿತ್ರ ಹಾಕಿದ್ದೀನಿ.

ಇವತ್ತು ನಿಮ್ಮ ಮನೆಯ ಒಂದು ಹಳೇ ಚೌಕಟ್ಟಿನ ಮೂಲೆ ನೋಡಿ. ಸಂದು ಇದ್ರೆ ಒಳಗಿದ್ಯೋ ಹೊರಗಿದ್ಯೋ, ಒಂದೇ ಮೂಲೆಯಲ್ಲೋ ನಾಲ್ಕರಲ್ಲೋ ನೋಡಿ, ಆಮೇಲೆ ಮಾಡಿದವರ ಬಗ್ಗೆ ಮಾತಾಡೋಣ. ಮೂಲೆಮಟ್ಟಕ್ಕೆ ನಿಮ್ಮ ಕಡೆ ಬೇರೆ ಹೆಸರಿದ್ರೆ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.