ಕಾಫಿ ಮಲೆಗಳ ಬುಡಕಟ್ಟು ಮನೆಗಳಲ್ಲಿ ಸಾಂಕ್ರಾಮಿಕ ರೋಗ ಶಿಕ್ಷಣ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಮಲೆಕುಡಿಯ, ಹಸಲರು, ಗೌಡಲು ಕುಟುಂಬಗಳನ್ನೂ ತೋಟಗಳ ಲೈನ್‌ಮನೆಗಳ ಕೂಲಿಗಳನ್ನೂ ರೋಗ ಹರಡುವ ಮೊದಲೇ ಎಚ್ಚರಿಸುವ ಕೆಲಸ ಮಲೇರಿಯದಿಂದ ಶುರುವಾಯಿತು. ಇಲ್ಲಿನ ಚಳಿಜ್ವರಕ್ಕೆ ಕಾರಣ ಹಳ್ಳದ ಹರಿನೀರಿನಲ್ಲಿ ಮರಿ ಮಾಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ. ಸ್ವಾತಂತ್ರ್ಯಕ್ಕೆ ಮೊದಲೇ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆಯಲ್ಲಿ ಅಧ್ಯಯನ ನಡೆಸಿತ್ತು. 1953ರ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮದ ಕಾಲಕ್ಕೆ ಗೋಡೆಗೆ ಡಿಡಿಟಿ ಹೊಡೆಯುವುದೇ ಮುಖ್ಯವಾಯಿತು. ಔಷಧ ಹೊಡೆಯುವವರು ಬಂದಾಗ ಪಾತ್ರೆಪಗಡೆ ಹೊರಗಿಟ್ಟರೆ ಮನೆಯವರ ಪಾಲಿನ ಕೆಲಸ ಬಹುಮಟ್ಟಿಗೆ ಮುಗಿಯುತ್ತಿತ್ತು.

ಮಂಗನ ಕಾಯಿಲೆ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗದ ವೈರಾಣುವನ್ನು ಹರಡುವುದು ಉಣುಗು. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಗೂ ಅದು ಬಂತು. ನೇರ ಮದ್ದಿಲ್ಲದ ಕಾರಣ ಭಾರವೆಲ್ಲ ಮನೆಯವರ ನಡವಳಿಕೆಯ ಮೇಲೆ ಬಿತ್ತು: ಸತ್ತ ಮಂಗನನ್ನು ಮುಟ್ಟದೆ ಸುದ್ದಿ ಮುಟ್ಟಿಸುವುದು, ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಎಣ್ಣೆ ಹಚ್ಚುವುದು, ಬಂದೊಡನೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೆಯುವುದು, ದರಗಿನ ರಾಶಿಯನ್ನು ಅಂಗಳದಿಂದ ದೂರವಿಡುವುದು. ಉಣುಗು ಹತ್ತದಂತೆ ಹಚ್ಚಲು ಮೊದಲು ಡಿಎಂಪಿ, ಈಚೆಗೆ ಡೆಪಾ ಎಣ್ಣೆ ಹಂಚಿಕೆಯಾಗಿದೆ.

ಕಾಡಿಗೆ ಹೋಗಬೇಡಿ ಎಂಬ ಮಾತು ಮಾತ್ರ ಎಲ್ಲಕ್ಕಿಂತ ದುರ್ಬಲ. ಉಣುಗಿನ ಮರಿಗಳ ಕಾಟ ಹೆಚ್ಚುವುದು ನವೆಂಬರಿನಿಂದ ಮೇ ತನಕ. ಕಾಫಿ ಕುಯ್ಲು, ಸೌದೆ, ಕೊಟ್ಟಿಗೆಗೆ ಹಾಸಲು ದರಗು, ಸೀಗೆ, ಜೇನು ಎಲ್ಲವೂ ಬೀಳುವುದು ಅದೇ ತಿಂಗಳುಗಳಲ್ಲಿ. ಮನೆ ಕಾಡಂಚಿನಲ್ಲೇ ಇದ್ದು, ಒಲೆ ಸೌದೆಯಿಂದಲೇ ಉರಿಯುವವರಿಗೆ ಕಾಡಿಗೆ ಹೋಗಬೇಡಿ ಎನ್ನುವ ಕರಪತ್ರ ಏನು ಹೇಳಿದಂತಾಯಿತು? ಎಣ್ಣೆಯ ಬಾಟಲಿ ಕೈಗೆ ಸಿಕ್ಕಿದರೆ ಅದಕ್ಕೆ ಬೆಲೆ ಹೆಚ್ಚು. 2005ರ ನಂತರ ಬಂದ ಆಶಾ ಕಾರ್ಯಕರ್ತೆಯರು ಊರಿನವರೇ ಆದ್ದರಿಂದ, ಯಾರ ಮನೆಯಲ್ಲಿ ಜ್ವರ, ಯಾವ ತೋಟದಲ್ಲಿ ಮಂಗ ಸತ್ತಿದೆ ಎಂಬುದು ಅವರ ಕಿವಿಗೆ ಬೇಗ ಬೀಳುತ್ತದೆ.

ಮಂಗನ ಕಾಯಿಲೆಯ ಲಸಿಕೆಯ ಕಥೆ ಬೇರೆ. 1990ರ ಸುಮಾರಿನಿಂದ ನೀಡುತ್ತಿದ್ದ ಲಸಿಕೆಗೆ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಮತ್ತೆ ಮತ್ತೆ ಬೂಸ್ಟರ್ ಬೇಕಿತ್ತು. ಚುಚ್ಚಿದ ಜಾಗದ ಉರಿ, ತಪ್ಪುವ ಕೂಲಿ ಎರಡೂ ಸೇರಿ ಬೂಸ್ಟರಿಗೆ ಬರುವವರು ಕಡಿಮೆಯಾದರು. ಪರಿಣಾಮ ಕುಂದಿದ್ದರಿಂದ 2022ರಲ್ಲಿ ಅದರ ತಯಾರಿಕೆ ನಿಂತಿತು. 2024ರ ಆರಂಭದಲ್ಲಿ ಶೃಂಗೇರಿ ತಾಲ್ಲೂಕಿನ ವೃದ್ಧರೊಬ್ಬರು ಈ ಕಾಯಿಲೆಯಿಂದ ತೀರಿಕೊಂಡಾಗ ಹಾಕಲು ಲಸಿಕೆ ಇರಲಿಲ್ಲ. ಎಣ್ಣೆ ಹಂಚಿಕೆ, ಜ್ವರ ಸಮೀಕ್ಷೆ, ಮನೆಮನೆ ಭೇಟಿಗಳಷ್ಟೇ ಉಳಿದಿದ್ದವು.